ಅಜ್ಜಿ ಮನೆಯಿಂದ ಬಂದ ಮಗಳು ನನ್ನ ಹತ್ತಿರ ಬರುತ್ತಿಲ್ಲ

ಪ್ರಶ್ನೆ: ನಮಸ್ತೆ ಮೇಡಂ. ಹೆರಿಗೆ ರಜೆ ಮುಗಿದ ಮೇಲೆ ಏಳು ತಿಂಗಳ ಮಗಳನ್ನು ತೀರ್ಥಹಳ್ಳಿಯಲ್ಲಿ ಅಮ್ಮನ ಹತ್ತಿರ ಬಿಟ್ಟು ಬೆಂಗಳೂರಿಗೆ ಬಂದೆ. ತಿಂಗಳಿಗೊಮ್ಮೆ ಹೋಗಿಬರುತ್ತಿದ್ದೆ. ಈಗ ಅವಳಿಗೆ ಎರಡು ವರ್ಷ, ಕರೆತಂದು ಮೂರು ವಾರವಾಯಿತು. ಮೊದಮೊದಲು ಬಾಗಿಲಲ್ಲಿ ನಿಂತು ಅತ್ತಳು. ಈಗ ಅಳುವುದೂ ಇಲ್ಲ. ಬಿದ್ದು ಮಂಡಿ ತರಚಿದರೂ ಅಜ್ಜಿಯ ಹಳೇ ಸೀರೆ ತುಂಡು ಹಿಡಿದು ಮೂಲೆಯಲ್ಲಿ ಕೂರುತ್ತಾಳೆ. ಮೊದಲ ಮೂರು ವರ್ಷದಲ್ಲಿ ಆದದ್ದು ಜೀವನಪೂರ್ತಿ ಉಳಿಯುತ್ತದಂತೆ. ನಾನೇ ಕೈಯಾರೆ ಕೆಡಿಸಿದೆನಾ? ಅಳುತ್ತಾಳೆಂದು ಅಜ್ಜಿಗೆ ವಿಡಿಯೋ ಕಾಲ್ ಮಾಡುವುದನ್ನೂ ನಿಲ್ಲಿಸಿದ್ದೇವೆ.

ಉತ್ತರ (ಮಕ್ಕಳ ಮನಶ್ಶಾಸ್ತ್ರಜ್ಞೆ): ನೋಡಮ್ಮ, ಆ ಕಾಲ್ ಇವತ್ತೇ ಮತ್ತೆ ಶುರು ಮಾಡಿ.

ನಿಮ್ಮ ಮಗಳಿಗೆ ಪ್ರೀತಿ ಗೊತ್ತಿದೆ. ಹದಿನೇಳು ತಿಂಗಳು ಅವಳ ಪಾಲಿನ ತಾಯಿ ಅಜ್ಜಿಯೇ. ಈಗ ಆ ಅಜ್ಜಿಯೇ ಕಣ್ಮರೆಯಾಗಿದ್ದಾರೆ. ಲಂಡನ್ನಿನ ಸಂಶೋಧಕ ಜೇಮ್ಸ್ ರಾಬರ್ಟ್‌ಸನ್ 1952ರಲ್ಲಿ ಒಂದು ಚಿತ್ರ ತೋರಿಸಿದರು: ಆಪರೇಷನ್‌ಗೆಂದು ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಹುಡುಗಿಯದು. ಹೀಗೆ ಅಗಲಿದ ಮಕ್ಕಳಲ್ಲಿ ಅವರೂ ಮನೋವೈದ್ಯ ಜಾನ್ ಬೌಲ್ಬಿಯೂ ಕಂಡದ್ದು ಒಂದೇ ಕ್ರಮ. ಮೊದಲು ಅಳು, ಹಟ. ಆಮೇಲೆ ಸೊರಗಿದ ಮೌನ. ಕೊನೆಗೆ ಯಾರೂ ಬೇಡವೆಂಬ ದೂರ. ಮಗು ಹೊಂದಿಕೊಂಡಿತು ಎಂದು ದೊಡ್ಡವರು ನೆಮ್ಮದಿಪಡುವುದು ಆ ಮೌನವನ್ನು ನೋಡಿಯೇ. ನನಗೆ ಅಳುವ ಮಗುವಿಗಿಂತ ಆ ಮೌನದ್ದೇ ಹೆಚ್ಚು ಚಿಂತೆ. ಕಾಲ್‌ನಲ್ಲಿ ಅತ್ತರೆ ಅಳಲಿ, ಎತ್ತಿಕೊಂಡು ‘ಅಜ್ಜಿ ಬೇಕಲ್ವಾ ಪುಟ್ಟಿ’ ಅನ್ನಿ.

‘ಮೂರು ವರ್ಷ’ದ ಮಾತಿಗೆ ಆಧಾರವೇ ಇಲ್ಲವೆಂದಲ್ಲ. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ಅನಾಥಾಲಯಗಳ 136 ಮಕ್ಕಳನ್ನು ಅಧ್ಯಯನಕ್ಕೆ ತೆಗೆದುಕೊಂಡು, ಅರ್ಧದಷ್ಟು ಮಕ್ಕಳನ್ನು ಸಾಕುಮನೆಗಳಿಗೆ ಕೊಟ್ಟರು. ಎರಡು ವರ್ಷ ತುಂಬುವ ಮೊದಲೇ ಹೋದವರು ಹೆಚ್ಚು ಚೇತರಿಸಿಕೊಂಡರು. ಆದರೆ ಆ ಮಕ್ಕಳಿಗೆ ತಮ್ಮವರೆನ್ನಲು ಒಬ್ಬರೂ ಇರಲಿಲ್ಲ, ನೋಡಿಕೊಳ್ಳುವವರು ಪಾಳಿಯಲ್ಲಿ ಬದಲಾಗುತ್ತಿದ್ದರು. ನಿಮ್ಮ ಮಗಳಿಗೆ ಅಜ್ಜಿಯ ಮಡಿಲಿತ್ತು. ಹೋಲಿಸಲೇಬೇಡಿ.

ಗುಂಪಿನ ಇನ್ನೊಬ್ಬ ಸದಸ್ಯೆ: ಹಾಗಾದರೆ ಅವರು ಕೆಲಸ ಬಿಡಬೇಕಾ ಮೇಡಂ?

ಉತ್ತರ: ಬೇಡ. ಮನಶ್ಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್ ಅಮೆರಿಕದ ಬಾಲ್ಟಿಮೋರಿನ ಮನೆಗಳಲ್ಲಿ ತಾಯಿ-ಮಗುವನ್ನು ಮೊದಲ ವರ್ಷವಿಡೀ ಗಮನಿಸಿ ಹೇಳಿದ್ದು, ಮಗು ಕೊಡುವ ಸೂಚನೆ ಅರಿತು ತಕ್ಕಂತೆ ಸ್ಪಂದಿಸುವುದು ಮುಖ್ಯ ಎಂದು. ಸಾಧ್ಯವಾದರೆ ಅಜ್ಜಿಯನ್ನೇ ಒಂದು ತಿಂಗಳು ಕರೆಸಿಕೊಳ್ಳಿ, ಅವರ ಎದುರಲ್ಲೇ ಊಟ, ಸ್ನಾನ ನಿಮ್ಮ ಕೈಗೆ ಬರಲಿ. ಆ ಸೀರೆ ತುಂಡನ್ನು ಒಗೆಯಬೇಡಿ, ಅದರಲ್ಲಿ ಅಜ್ಜಿಯ ವಾಸನೆ ಇದೆ. ಮಂಡಿ ತರಚಿದಾಗ ಎಳೆದು ಅಪ್ಪಿಕೊಳ್ಳದೆ ಪಕ್ಕದಲ್ಲಿ ನೆಲಕ್ಕೇ ಕೂತುಬಿಡಿ.

ಊಟ ಬಿಟ್ಟರೆ, ಆಡುತ್ತಿದ್ದ ಮಾತು ನಿಂತರೆ ಮಾತ್ರ ಕಾಯಬೇಡಿ. ನಿಮ್ಹಾನ್ಸ್‌ನ ಮಕ್ಕಳ ವಿಭಾಗದಲ್ಲಿ ತೋರಿಸಿ.

ಪ್ರಶ್ನೆ ಕೇಳಿದವರು: ಅಮ್ಮನಿಗೆ ಶುಕ್ರವಾರದ ಬಸ್ ಬುಕ್ ಮಾಡಿದೆ ಮೇಡಂ.