‘ಸೂಪರ್‌ವಿಷನ್’: ಉಸ್ತುವಾರಿ, ಸಮ್ಮುಖ, ಕೂಗಳತೆ?

ಎಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ಮಕ್ಕಳ ಜೊತೆ ನೆಲೆಸಿರುವ ಕನ್ನಡದ ಹಿರಿಯರಿಗಾಗಿ, ಮಾನಸಿಕ ಆರೋಗ್ಯ ಸೇವೆಯ ಮೆಡಿಕೇರ್ (ಮುಖ್ಯವಾಗಿ ಹಿರಿಯರಿಗಾಗಿ ಅಲ್ಲಿನ ಸರ್ಕಾರ ನಡೆಸುವ ಆರೋಗ್ಯ ವಿಮೆ) ಬಿಲ್ಲನ್ನು ವಿವರಿಸುವ ಕಿರುಹೊತ್ತಗೆ ಬರೆಯುತ್ತಿದ್ದೇನೆ. ‘ಸೂಪರ್‌ವಿಷನ್’ ಎಂಬುದಕ್ಕೆ ಸರಿಯಾದ ಕನ್ನಡ ಪದ ಸಿಗದೆ ಕೆಲಸ ನಿಂತಿದೆ.

ಆಪ್ತಸಮಾಲೋಚಕರು ನೀಡಿದ ಸೇವೆಗೆ ವೈದ್ಯರ ಹೆಸರಿನಲ್ಲಿ ಬಿಲ್ ಮಾಡಲು ಅಲ್ಲಿ ಅವಕಾಶವಿದೆ. ಚಿಕಿತ್ಸೆಯನ್ನು ವೈದ್ಯರು ಆರಂಭಿಸಿರಬೇಕು, ಅವರ ಸೂಪರ್‌ವಿಷನ್ ಇರಬೇಕು. ಇದು ಗೊತ್ತಿಲ್ಲದೆ, ಆ ದಿನ ತಾವು ಕಾಣದ ವೈದ್ಯರ ಹೆಸರನ್ನು ಕಾಗದದಲ್ಲಿ ಕಂಡ ಹಿರಿಯರೊಬ್ಬರು ಮೋಸವೆಂದು ಹೆದರಿ ಚಿಕಿತ್ಸೆಯನ್ನೇ ಬಿಟ್ಟಿದ್ದರು. ಆದ್ದರಿಂದ ಪದ ಸರಿಯಾಗಿರಲೇಬೇಕು.

ಸೂಪರ್‌ವಿಷನ್‌ನಲ್ಲಿ ಮೂರು ಬಗೆ. ಪರ್ಸನಲ್ ಎಂದರೆ ವೈದ್ಯರು ಅದೇ ಕೋಣೆಯಲ್ಲಿರಬೇಕು. ಡೈರೆಕ್ಟ್ ಎಂದರೆ, ಮೂಲತಃ, ಅದೇ ಕಚೇರಿಯಲ್ಲಿದ್ದು ಕರೆದೊಡನೆ ಒದಗಬೇಕು, ಕೋಣೆಯೊಳಗೆ ಇರಬೇಕಿಲ್ಲ. ಜನರಲ್ ಎಂದರೆ ನಿರ್ದೇಶನವೂ ಹೊಣೆಯೂ ವೈದ್ಯರದು, ಹಾಜರಿ ಬೇಡ. ಮಾನಸಿಕ ಆರೋಗ್ಯ ಸೇವೆಗೆ ಹಿಂದೆ ಡೈರೆಕ್ಟ್ ಬೇಕಿತ್ತು. 2023ರ ಜನವರಿ 1ರಿಂದ ಜನರಲ್ ಸಾಕು.

‘ಮೇಲ್ವಿಚಾರಣೆ’ ಎಂದೊಡನೆ ನಮಗೆ ನೆನಪಾಗುವವರು ಪರೀಕ್ಷೆಯ ಕೊಠಡಿ ಮೇಲ್ವಿಚಾರಕರು. ಕಣ್ಣೆದುರು ಇರುವುದೇ ಅವರ ಕೆಲಸ. ‘ಸಾಮಾನ್ಯ ಮೇಲ್ವಿಚಾರಣೆ’ ಎಂದರೆ ವಿಶೇಷವಿಲ್ಲದ್ದು ಎಂದಷ್ಟೇ ಆಗುತ್ತದೆ. ಜನರಲ್‌ಗೆ ‘ಉಸ್ತುವಾರಿ’ ನನಗೆ ಒಪ್ಪಿಗೆ: ಜಿಲ್ಲಾ ಉಸ್ತುವಾರಿ ಸಚಿವರು ಜಿಲ್ಲೆಯಲ್ಲೇ ವಾಸವಿರಬೇಕಿಲ್ಲ, ಆದರೂ ಜಿಲ್ಲೆಯ ಹೊಣೆ ಅವರದೆಂದು ಎಲ್ಲರಿಗೂ ಗೊತ್ತು. ಪರ್ಸನಲ್‌ಗೆ ‘ವೈಯಕ್ತಿಕ’ ಖಂಡಿತ ಬೇಡ, ರೋಗಿಯ ಖಾಸಗಿ ಬದುಕಿನ ಮೇಲೆ ನಿಗಾ ಎಂಬಂತೆ ಕೇಳಿಸುತ್ತದೆ. ‘ವೈದ್ಯರ ಸಮ್ಮುಖದಲ್ಲಿ’ ಎಂದರೆ ಸಾಕು.

ಹೀಗೆ ವೈದ್ಯರ ಹೆಸರಿನಲ್ಲಿ ಮಾಡುವ ಬಿಲ್ಲಿಗೆ ಅಲ್ಲಿ ‘ಇನ್ಸಿಡೆಂಟ್ ಟು’ ಎನ್ನುತ್ತಾರೆ. ‘ಪ್ರಾಸಂಗಿಕ’ ತಪ್ಪು ದಾರಿ ಹಿಡಿಸುತ್ತದೆ, ‘ಆನುಷಂಗಿಕ’ ಹಿರಿಯರಿಗೆ ಭಾರ. ‘ವೈದ್ಯರ ಸೇವೆಯ ಅಂಗವಾಗಿ’ ಎಂದು ಬರೆದಿದ್ದೇನೆ. ‘ಜಯಂತಿಯ ಅಂಗವಾಗಿ’ ಎಂಬ ಬಳಕೆ ನೆನಪಾಗಿ ಅಡ್ಡಿಯಾದೀತೇ?

ಉಳಿದದ್ದು ಡೈರೆಕ್ಟ್. ‘ನೇರ’ ಎಂದರೆ ಮುಖಾಮುಖಿ ಎಂದುಕೊಳ್ಳುತ್ತಾರೆ. ನನಗೆ ಹೊಳೆದದ್ದು ‘ಕೂಗಳತೆ’. ಕೂಗಿದರೆ ಕೇಳಿಸಿ ಬರುವಷ್ಟು ದೂರ, ನಿಯಮದ ಆಶಯವೂ ಅದೇ. ‘ಕೂಗಳತೆಯ ಮೇಲ್ವಿಚಾರಣೆ’ ಎಂದು ಅಚ್ಚು ಮಾಡಿಸಬಹುದೇ? ಹಳೆಯ ಮೈಸೂರಿನ ಆಚೆಯವರಿಗೆ ಈ ಪದ ಪರಿಚಿತವೇ? ಉತ್ತರ ಕರ್ನಾಟಕ ಮತ್ತು ಕರಾವಳಿಯವರು ದಯವಿಟ್ಟು ತಿಳಿಸಿ.