ಸವಳು ಬೋರ್ ನೀರಿನ ಕೊಳದಾಗ ನೈದಿಲೆ, ಬಜೆ ಉಳಿಸೂದು ಹೆಂಗ?

ಕೊಳದಂಚು (ವಿಜಯಪುರ)
ನಮಸ್ಕಾರ್ರಿ. ಮನಿ ಮುಂದ 2 ಮೀಟರ್ ಉದ್ದ, ಒಂದೂವರಿ ಮೀಟರ್ ಅಗಲದ ಸಿಮೆಂಟ್ ತೊಟ್ಟಿ ಐತಿ. ಸುಮಾರು ಸಾವಿರ ಲೀಟರ್ ಹಿಡಿತೈತಿ, ಕಟ್ಟಿ ವರ್ಷದ ಮ್ಯಾಲಾತು. ನೀಲಿ ನೈದಿಲೆ ಎರಡು ಬುಟ್ಟಿ, ತಾವರೆ ಒಂದು ಟಬ್ ಅದಾವು. ಪಕ್ಕದ ಹಸಿ ಪಾತಿಯೊಳಗ ಬಜೆ, ಒಂದೆಲಗ ಹಚ್ಚೇವಿ. ಫೆಬ್ರುವರಿ ತನಕ ಎಲ್ಲಾ ಚಲೋ ಇದ್ದವು. ಈಗ ಏಪ್ರಿಲ್‌ದಾಗ ನೈದಿಲೆ ಎಲಿ ಅಂಚು ಸುಟ್ಟಂಗ ಕಂದಾಗ್ಯಾವು. ಹೊಸಾ ಎಲಿ ಹಳದಿ ಬರಾಕತ್ತಾವು, ನರ ಅಷ್ಟ ಹಸಿರು. ನೀರಿನ ಮಟ್ಟದ ಮ್ಯಾಲೆ ಗ್ವಾಡಿಗೆ ಬಿಳಿ ಪಟ್ಟಿ ಕಟ್ಟೇತಿ. ಬೋರ್ ನೀರಿನ ಟಿಡಿಎಸ್ (ನೀರಾಗ ಕರಗಿದ ಉಪ್ಪಿನ ಅಳತಿ, ಲೀಟರಿಗೆ ಮಿ.ಗ್ರಾಂ ಲೆಕ್ಕ) 1200. ದಿನಾ ಇಳಿದಷ್ಟು ತುಂಬಸ್ತೀವಿ, ಅಡಗಿ ಮನಿ ಆರ್‌ಒ ಯಂತ್ರದ ಹೊರನೀರೂ ಅದಕ್ಕ ಬಿಡ್ತೀವಿ. ಗೊಬ್ಬರ ಕಡಿಮಿ ಬಿದ್ದೈತೇನ್ರಿ? ನೀರು ಪೂರಾ ಬದಲಿಸಬೇಕೇನು?

ಎರಿಹೊಲ (ಬಾಗಲಕೋಟೆ)
ಗೊಬ್ಬರದ ಮಾತು ಈಗ ಬ್ಯಾಡ್ರಿ. ಮೊದಲ ಆರ್‌ಒ ಹೊರನೀರು ಇವತ್ತ ಬಂದ್ ಮಾಡ್ರಿ. ಕುಡಿಯೂ ನೀರಿನಿಂದ ತಗದ ಉಪ್ಪೆಲ್ಲಾ ಅದರೊಳಗ ಇರತೈತಿ, ಬೋರ್ ನೀರಿಗಿಂತ ಅದು ಕೆಟ್ಟದ್ದು.

ಲೆಕ್ಕ ಹಾಕಿ ನೋಡ್ರಿ. ನಿಮ್ಮ ತೊಟ್ಟಿ ಮೈ 3 ಚದರ ಮೀಟರ್. ನಮ್ಮ ಕಡೆ ಬ್ಯಾಸಿಗಿ ಬಿಸಲಿಗೆ ದಿನಕ್ಕ 8 ಮಿ.ಮೀ. ಹಾರತೈತಿ ಅಂತ ಹಿಡದರ 24 ಲೀಟರ್ ಆತು. ಹಾರೂದು ನೀರಷ್ಟ, ಉಪ್ಪು ಅಲ್ಲೇ ಕುಂತಿರತೈತಿ. 1200 ಟಿಡಿಎಸ್ ಅಂದ್ರ ಲೀಟರಿಗೆ 1.2 ಗ್ರಾಂ. ದಿನಾ 29 ಗ್ರಾಂ, ತಿಂಗಳಿಗೆ ಹತ್ರಹತ್ರ 860 ಗ್ರಾಂ ಉಪ್ಪನ್ನ ನೀವ ಕೈಯಾರೆ ತೊಟ್ಟಿಗೆ ಹಾಕಿದಂಗ. ಸಾವಿರ ಲೀಟರ್ ನೀರಿನ್ಯಾಗ ಟಿಡಿಎಸ್ ತಿಂಗಳಿಗೆ 860 ಏರತೈತಿ. ಅದರಾಗ ಒಂದಿಷ್ಟು ಸುಣ್ಣ ಗ್ವಾಡಿಗೆ ಹತ್ತತೈತಿ, ನಿಮ್ಮ ಬಿಳಿ ಪಟ್ಟಿ ಅದ. ಉಳಿದದ್ದು ಎಲಿ ಅಂಚು ಸುಡತೈತಿ. ತೊಟ್ಟಿ ನೀರನ್ನ ಮೀಟರ್ ಹಚ್ಚಿ ಅಳೀರಿ, ಬೋರಿಂದು ಅಳದರ ಏನೂ ತಿಳಿಯೂದಿಲ್ಲ.

ಪೂರಾ ಬದಲಿ ಮಾಡಬ್ಯಾಡ್ರಿ. ಒಮ್ಮಿಗೇ ನೀರು ಬದಲಾದರ ಬೇರಿಗೆ ಪೆಟ್ಟು, ಮತ್ತ ಹೊಸಾ ನೀರು ಹದಿನೈದು ದಿನದಾಗ ಪಾಚಿಗಟ್ಟಿ ಹಸಿರಾಗತೈತಿ. ಐದು ದಿನಕ್ಕೊಮ್ಮೆ 250 ಲೀಟರ್ ತಳದಿಂದ ಪೈಪಿಲೆ ಎಳದು, ಅಷ್ಟ ನಳದ ನೀರು ಹಾಕ್ರಿ. ದಿನಾ ತುಂಬಸೂದಕ್ಕೂ ನಳದ ನೀರ ಇರಲಿ. ನಳದ ನೀರಿನ ಟಿಡಿಎಸ್ 300 ಇದ್ದರ, ತೊಟ್ಟ್ಯಾಗ 3000 ಇದ್ದದ್ದು ನಾಲ್ಕು ಸಲಕ್ಕ 1200-1300ಕ್ಕ ಬರತೈತಿ. ಅದ ಕೆಲಸ ಬೋರ್ ನೀರಿಲೆ ಮಾಡಿದರ 2000 ಕೆಳಗ ಇಳಿಯೂದಿಲ್ಲ. ನಳದ ನೀರಿಗೆ ಕ್ಲೋರಿನ್ ಇದ್ದರ ಒಂದು ದಿನ ತೆರದ ಬ್ಯಾರಲ್‌ದಾಗ ಇಟ್ಟು ಹಾಕ್ರಿ. ತಗದ ನೀರು ತೆಂಗಿಗೆ ಬಿಡ್ರಿ, ಹೂವಿನ ಕುಂಡಕ್ಕ ಬ್ಯಾಡ.

ಜವಳುನೆಲ (ಬೆಳಗಾವಿ)
ಅಂಚು ಸುಡುವುದಕ್ಕೆ ಉಪ್ಪು ಕಾರಣ, ಒಪ್ಪುತ್ತೇನೆ. ಆದರೆ ನರ ಹಸಿರಾಗಿದ್ದು ನಡುವೆ ಹಳದಿಯಾಗುವುದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಸುಣ್ಣದ ನೀರಿನಲ್ಲಿ ಅದು ಗಿಡಕ್ಕೆ ಸಿಗುವುದಿಲ್ಲ. ಫೆರಸ್ ಸಲ್ಫೇಟ್ ಹಾಕಲು ಹೋಗಬೇಡಿ, ತುಕ್ಕಾಗಿ ತಳ ಸೇರುತ್ತದೆ. ಇಡಿಟಿಎ ಎಂಬ ರಾಸಾಯನಿಕ ಹಿಡಿದಿಟ್ಟ ಕಬ್ಬಿಣವೂ ಇಂಥ ನೀರಿನಲ್ಲಿ ನಿಲ್ಲುವುದಿಲ್ಲ. ಅದಕ್ಕಿಂತ ಗಟ್ಟಿಯಾಗಿ ಹಿಡಿದಿಡುವ ಇಡಿಡಿಎಚ್ಎ ಕಬ್ಬಿಣವನ್ನೇ ಕೇಳಿ ತನ್ನಿ. ಹತ್ತು ಲೀಟರ್ ಮಣ್ಣಿನ ಬುಟ್ಟಿಗೆ ಒಂದೆರಡು ಗ್ರಾಂ ಸಾಕು. ನಿಂಬೆಕಾಯಿ ಗಾತ್ರದ ಜಿಗುಟು ಮಣ್ಣಿನ ಉಂಡೆಯೊಳಗೆ ಆ ಪುಡಿ ಇಟ್ಟು, ಹಳೆ ಪೇಪರ್ ಸುತ್ತಿ, ಬೇರಿನ ಹತ್ತಿರ ನಾಲ್ಕು ಬೆರಳು ಆಳಕ್ಕೆ ಒತ್ತಿ. ನೀರು ಸ್ವಲ್ಪ ಕೆಂಪಾದರೆ ಗಾಬರಿ ಬೇಡ. ಗುಣ ಕಾಣುವುದು ಹೊಸ ಎಲೆಯಲ್ಲಿ. ಹಳೆಯದು ಹಸಿರಾಗುವುದಿಲ್ಲ, ಬುಡದಲ್ಲೇ ಕತ್ತರಿಸಿ.

ಬುಟ್ಟಿಗೆ ಹಾಕಿದ್ದು ಬರೀ ಎರಿ (ಕಪ್ಪು) ಮಣ್ಣೇ? ಒಣಗಿದ ಹೆಂಟೆಯ ಮೇಲೆ ನಿಂಬೆರಸ ಹಿಂಡಿ ನೋಡಿ. ನೊರೆ ಬಂದರೆ ಮಣ್ಣಿನಲ್ಲೇ ಸುಣ್ಣವಿದೆ. ಮುಂದೆ ಬುಟ್ಟಿ ಬದಲಿಸುವಾಗ ಮಸಾರಿ (ಕೆಂಪು ಮಣ್ಣು) ಎರಡು ಪಾಲು, ಜರಡಿ ಹಿಡಿದ ಎರಿ ಒಂದು ಪಾಲು ಕಲಸಿ, ಮೇಲೆ 3 ಸೆಂ.ಮೀ. ತೊಳೆದ ದಪ್ಪ ಮರಳು ಹರಡಿ. ಸಗಣಿ ಗೊಬ್ಬರ ಖಂಡಿತ ಬೇಡ. ನೀರಿನಡಿ ಗಾಳಿಯಿಲ್ಲದೆ ಕೊಳೆತು ಗುಳ್ಳೆ ಏಳುತ್ತದೆ, ಗಡ್ಡೆ ಕಪ್ಪಾಗಿ ನಾರುತ್ತದೆ.

ಒಂದೆಲಗ (ಖಾನಾಪುರ)
ಹಸಿ ಪಾತಿಯ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಪ್ರಕಾರ ಉಪ್ಪು ಹೆಚ್ಚು ಕಟ್ಟುವುದು ಅಲ್ಲೇ. ಕೆಳಗೆ ನೀರು ಇಂಗದಂತೆ ಹಾಸಿದ ಪ್ಲಾಸ್ಟಿಕ್ ಹಾಳೆ, ನೀರಿಗೆ ಹೊರದಾರಿಯಿಲ್ಲ, ಮೇಲೆ ಬಿಸಿಲು ಎಳೆಯುತ್ತಲೇ ಇರುತ್ತದೆ. ಮಣ್ಣಿನ ಮೇಲೆ ಉಪ್ಪು ಚಿಮುಕಿಸಿದಂತೆ ಬಿಳಿ ಪುಡಿ ಕಾಣುತ್ತಿದ್ದರೆ ಇದೇ ಕಾರಣ.

ಪಾತಿ 40 ಸೆಂ.ಮೀ. ಆಳವಿರಲಿ. ಹಾಳೆಯ ಪಕ್ಕಕ್ಕೆ, ಮಣ್ಣಿನ ಮೈಯಿಂದ 10 ಸೆಂ.ಮೀ. ಕೆಳಗೆ, ಗೇಣಿಗೊಂದರಂತೆ ಪೆನ್ಸಿಲ್ ಗಾತ್ರದ ತೂತು ಹಾಕಿ. ತಳಕ್ಕೆ ಹಾಕಿದರೆ ಪಾತಿ ಒಣಗುತ್ತದೆ. ಹತ್ತು ದಿನಕ್ಕೊಮ್ಮೆ ತೂತಿನಿಂದ ನೀರು ಹರಿಯುವವರೆಗೆ ಮೇಲಿನಿಂದ ನಿಧಾನ ಹನಿಸಿ, ಉಪ್ಪು ತೊಳೆದು ಹೋಗುತ್ತದೆ. ಅಂಟು ಎರಿ ಮಣ್ಣಿನಲ್ಲಿ ಇದು ಸಾಧ್ಯವಿಲ್ಲ. ದಪ್ಪ ಮರಳು ಎರಡು ಪಾಲು, ಮಸಾರಿ ಒಂದು, ತೆಂಗಿನ ನಾರಿನ ಪುಡಿ ಅರ್ಧ ಪಾಲು ಬೇಕು. ನಾರಿನ ಪುಡಿಯಲ್ಲೇ ಉಪ್ಪಿರುತ್ತದೆ, ಮೂರು ನೀರಿನಲ್ಲಿ ತೊಳೆದೇ ಹಾಕಿ. ಮೇಲೆ ಎರಡಿಂಚು ಕಬ್ಬಿನ ರವದಿ (ಒಣ ಎಲೆ) ಮುಚ್ಚಿ.

ಬಜೆ ಗಡ್ಡೆಯನ್ನು ಹೂಳಬೇಡಿ, ಅಡ್ಡ ಮಲಗಿಸಿ ಬೆನ್ನು ಕಾಣುವಂತೆ ಕೂರಿಸಿ. ಒಂದೆಲಗಕ್ಕೆ ಜೂನ್ ತನಕ ಪಡುವಣ ಬಿಸಿಲಿಗೆ ನೆರಳು ಬಲೆ ಬೇಕೇ ಬೇಕು. ಉಪ್ಪು ತಡೆಯುವುದು ಬೇಕಿದ್ದರೆ ನೀರುಬ್ರಾಹ್ಮಿ ಹಾಕಿ. ಎರಡನ್ನೂ ಬ್ರಾಹ್ಮಿ ಎಂದೇ ಮಾರುತ್ತಾರೆ. ದುಂಡು ಎಲೆಯದು ಒಂದೆಲಗ, ಸಣ್ಣ ದಪ್ಪ ಎಲೆ, ತಿಳಿ ನೀಲಿ ಹೂವಿನದು ನೀರುಬ್ರಾಹ್ಮಿ.

ಒಂದು ಕೋರಿಕೆ. ನಮ್ಮ ಜಂಬಿಟ್ಟಿಗೆ ಬಯಲುಗಳಲ್ಲಿ ಮಳೆಗಾಲದಲ್ಲಿ ಹುಟ್ಟುವ, ಹುಳ ಹಿಡಿಯುವ ಡ್ರಾಸೆರಾ, ಯುಟ್ರಿಕ್ಯುಲೇರಿಯಾ ಗಿಡಗಳನ್ನು ಕಿತ್ತು ಒಯ್ಯಬೇಡಿ. ಅವು ಬದುಕುವುದು ಕಲ್ಲಿನ ಮೇಲೆ ಜಿನುಗುವ ಸಾರವಿಲ್ಲದ ಮಳೆನೀರಿನಲ್ಲಿ. ನಿಮ್ಮ ಬೋರ್ ನೀರು ಅವಕ್ಕೆ ವಿಷ.

ಕೊಳದಂಚು
ಎಲ್ಲರಿಗೂ ಭಾಳ ಉಪಕಾರ ಆತ್ರಿ. ತೊಟ್ಟಿ ನೀರು ಅಳದೆ, 2900 ಐತಿ! ಇನ್ನೆರಡು ಮಾತು. ನೆರಳಿಗಂತ ಹೊಳಿಯಿಂದ ನೇರಳೆ ಹೂವಿನ ತೇಲುಗಿಡ ತಂದು ಬಿಡಬಹುದೇನು? ಆಪು (ಜೊಂಡು) ಹಚ್ಚಬಹುದೇನು?

ಎರಿಹೊಲ
ತೇಲುಗಿಡ ಬ್ಯಾಡ್ರಿ. ಅದು ದಕ್ಷಿಣ ಅಮೆರಿಕದ್ದು, ಎಷ್ಟೋ ಕೆರಿ ಮುಚ್ಚಿ ಹಾಳು ಮಾಡೇತಿ. ಒಂದು ತುಂಡು ಗಟಾರಕ್ಕ ಬಿದ್ದರ ಮತ್ತೊಂದು ಕೆರಿ ಸೇರತೈತಿ. ನೈದಿಲೆ ಚೇತರಿಸಿಕೊಂಡರ ಅದರ ಎಲಿನ ಅರ್ಧಕ್ಕಿಂತ ಹೆಚ್ಚು ಮುಚ್ಚತಾವು, ಪಾಚಿಗೆ ಅಷ್ಟ ನೆರಳು ಸಾಕು. ಆಪು ನಮ್ಮದ, ಸವಳೂ ತಡೀತೈತಿ, ಆದರ ಅದರ ಗಡ್ಡಿ ಮೊಳಕಿ ಮೊಳಿ ಇದ್ದಂಗ, ಹಸಿ ಪಾತಿಯ ಹಾಳಿ ತೂತು ಮಾಡತೈತಿ. ತೂತಿಲ್ಲದ ಪ್ಲಾಸ್ಟಿಕ್ ಬುಟ್ಟ್ಯಾಗ ಹಚ್ಚಿ ತೊಟ್ಟ್ಯಾಗ ಇಳಿಸ್ರಿ.

ಮಳಿಗಾಲಕ್ಕ ಮುಂಚೆ ಮಾಳಗಿ ಪೈಪಿಗೆ ಒಂದು ತಿರುವು ಮಾಡಿಸಿಕೊಳ್ರಿ. ಸಾವಿರ ಚದರಡಿ ಮಾಳಗಿಗೆ 10 ಮಿ.ಮೀ. ಮಳಿ ಬಿದ್ದರ 900 ಲೀಟರ್. ಮೊದಲ ಮಳಿಯ ಧೂಳಿನ ನೀರು ಹೊರಗ ಹೋಗಲಿ, ಮಾಳಗಿ ತೊಳದು ತಿಳಿ ಬಂದ ಮ್ಯಾಲೆ ತೊಟ್ಟಿಗೆ ತಿರುವ್ರಿ.