ಸೋರಿಯಾಸಿಸ್‌ಗೆ ಗಿಡಮೂಲಿಕೆ ಎಣ್ಣೆ, ಮುಲಾಮು: ಹಚ್ಚಿ ನೋಡಿದವರು ಹೇಳಿ

ಪ್ರಶ್ನೆ: ನನ್ನ ತಮ್ಮನಿಗೆ ಮೊಣಕೈ, ಮೊಣಕಾಲು, ತಲೆಯಲ್ಲಿ ಸೋರಿಯಾಸಿಸ್ ಇದೆ. ಸ್ಟೀರಾಯ್ಡ್ ಮುಲಾಮು ಹಚ್ಚಿದಾಗ ಇಳಿಯುತ್ತೆ, ಬಿಟ್ಟರೆ ಮತ್ತೆ ಏಳುತ್ತೆ. ಗಿಡಮೂಲಿಕೆಯದ್ದು ಹಚ್ಚಿದವರಿದ್ದರೆ ಏನು ಹಚ್ಚಿದಿರಿ, ಏನಾಯಿತು ಹೇಳ್ತೀರಾ?

ಉತ್ತರ: ನನಗೂ ತಲೆ, ಮೊಣಕೈ ಎರಡರಲ್ಲೂ ಇದೆ. ಪೂರ್ತಿ ವಾಸಿ ಮಾಡ್ತೀವಿ ಅನ್ನೋರ ಹತ್ತಿರ ಹೋಗಲೇಬೇಡಿ. ಸಾಮಾನ್ಯವಾಗಿ ಚರ್ಮದ ಜೀವಕೋಶ ಹುಟ್ಟಿ, ಮೇಲೆ ಬಂದು, ಉದುರೋಕೆ ಹೆಚ್ಚುಕಡಿಮೆ ಒಂದು ತಿಂಗಳು ಹಿಡಿಯುತ್ತೆ. ನಮ್ಮದರಲ್ಲಿ 3ರಿಂದ 5 ದಿನದಲ್ಲೇ ಮುಗಿದುಹೋಗುತ್ತೆ, ಅದಕ್ಕೇ ಹೊಟ್ಟು ರಾಶಿ ಬೀಳೋದು. ಅವಸರ ಮಾಡಿಸ್ತಿರೋದು ಒಳಗಿನ ರೋಗನಿರೋಧಕ ವ್ಯವಸ್ಥೆ. ಎಣ್ಣೆ ಅಲ್ಲಿವರೆಗೆ ಹೋಗಲ್ಲ, ಆದರೆ ಹೊಟ್ಟು ಮೆತ್ತಗಾಗುತ್ತೆ, ನವೆ ತಗ್ಗುತ್ತೆ. ರಾತ್ರಿ ನಿದ್ದೆ ಬಂದರೆ ಅದೇನು ಸಣ್ಣ ವಿಷಯವಾ? ತಲೆಗೆ ರಾತ್ರಿ ತೆಂಗಿನೆಣ್ಣೆ ಬುಡಕ್ಕೆ ಇಳಿಯೋ ಹಾಗೆ ಹಚ್ಚಿ ಬಟ್ಟೆ ಕಟ್ಟಿ ಮಲಗ್ತೀನಿ. ಬೆಳಗ್ಗೆ ತೊಳೆಯುವಾಗ ದಪ್ಪ ಚಕ್ಕೆ ತಾನಾಗಿ ಬಿಟ್ಟುಕೊಳ್ಳುತ್ತೆ. ಬಾಚಣಿಗೆ ಹಾಕಿ ಕೆರೆದು ಕೀಳಬಾರದು, ಗಾಯವಾದ ಜಾಗದಲ್ಲೇ ಹೊಸದು ಏಳುತ್ತೆ. ಕೈಕಾಲಿಗಾದರೆ ಸ್ನಾನವಾಗಿ ಚರ್ಮ ಇನ್ನೂ ತೇವ ಇರುವಾಗಲೇ ಹಚ್ಚಬೇಕು.

ಲೋಳೆಸರದ ತಿರುಳು ತಂಪು ಅನಿಸುತ್ತೆ, ಆದರೆ ಬಿರುಕಿದ್ದ ಕಡೆ ಉರೀತು. ಸಂಶೋಧನೆಗಳಲ್ಲೂ ಒಮ್ಮತ ಇಲ್ಲ. ಒಂದರಲ್ಲಿ ಒಳ್ಳೆ ಗುಣ ಕಂಡಿತು, ಇನ್ನೊಂದರಲ್ಲಿ ಲೋಳೆಸರ ಇಲ್ಲದ ಜೆಲ್ ಹಚ್ಚಿದವರೇ ಹೆಚ್ಚು ಸುಧಾರಿಸಿದ್ದರು.

ಬಾವಂಚಿ ಎಣ್ಣೆ ಯಾರಾದರೂ ಹೇಳೋಕೆ ಮೊದಲೇ ಹೇಳಿಬಿಡ್ತೀನಿ. ಅದರಲ್ಲಿರೋ ಸೋರಲೆನ್ ಅನ್ನೋ ಅಂಶ ಚರ್ಮ ಬಿಸಿಲನ್ನು ತಡೆಯದ ಹಾಗೆ ಮಾಡುತ್ತೆ. ಆಸ್ಪತ್ರೆಗಳಲ್ಲಿ 1970ರ ದಶಕದಿಂದ ಸೋರಲೆನ್ ಕೊಟ್ಟು ಅಳೆದು ನೇರಳಾತೀತ ಕಿರಣ ಹಾಯಿಸೋ ಚಿಕಿತ್ಸೆ ಇದೆ, ಅದಕ್ಕೆ ಹೆಸರು ಪೂವಾ. ಮನೇಲಿ ಹಚ್ಚಿಕೊಂಡು ಬಿಸಿಲಿಗೆ ನಿಂತರೆ ಯಾರು ಅಳೀತಾರೆ? ನಮ್ಮ ಚಿಕ್ಕಪ್ಪನ ಮುಂಗೈ ಮೇಲೆ ನೀರು ತುಂಬಿದ ಗುಳ್ಳೆ ಎದ್ದು, ವಾಸಿಯಾದ ಮೇಲೂ ಕಪ್ಪು ಕಲೆ ಬಹಳ ದಿನ ಉಳೀತು.

ನೀಲಿ (ಇಂಡಿಗೊ) ಗಿಡದ ಎಲೆಯಿಂದ ತಯಾರಿಸೋ ನೀಲಿಯ ಮುಲಾಮನ್ನು ತೈವಾನಿನಲ್ಲಿ ಪರೀಕ್ಷೆ ಮಾಡಿದ್ದಾರೆ. ನೀಲಿ ಬೆರೆಸದ ಮುಲಾಮಿಗಿಂತ ಚೆನ್ನಾಗಿ ಕೆಲಸ ಮಾಡಿದೆ. ಕಷ್ಟ ಅಂದ್ರೆ ಚರ್ಮ, ಅಂಗಿ, ಹಾಸಿಗೆ ಎಲ್ಲಾ ನೀಲಿ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಕ್ರೀಮ್ ನವೆಗೆ ಪರವಾಗಿಲ್ಲ, ಮೊದಮೊದಲು ಉರಿ ಜೋರು. ಅದನ್ನು ಹಚ್ಚಿದ ಕೈಯಲ್ಲಿ ಕಣ್ಣು ಮಾತ್ರ ಮುಟ್ಟಬೇಡಿ!

ನನ್ನದು ಬೇರೆ ಕಥೆ. ಲೇಬಲ್ ಇಲ್ಲದ ಡಬ್ಬಿಯಲ್ಲಿ "ಶುದ್ಧ ಗಿಡಮೂಲಿಕೆ" ಅಂತ ಒಬ್ಬರು ಮುಲಾಮು ಕೊಟ್ಟರು. ಒಂದೇ ವಾರಕ್ಕೆ ಮಾಯ! ನಿಲ್ಲಿಸಿದ ಮೇಲೆ ಇದ್ದಿದ್ದಕ್ಕಿಂತ ಅಗಲವಾಗಿ ಬಂತು. ಚರ್ಮದ ಡಾಕ್ಟರು ಡಬ್ಬಿ ನೋಡಿ, ಇಷ್ಟು ಬೇಗ ಇಳಿದಿದ್ದರೆ ಒಳಗೆ ಜೋರು ಸ್ಟೀರಾಯ್ಡ್ ಬೆರೆಸಿರೋ ಸಾಧ್ಯತೆ ಹೆಚ್ಚು ಅಂದರು. ನಿಮ್ಮ ತಮ್ಮ ಯಾವುದರಿಂದ ದೂರ ಇರಬೇಕು ಅಂತಿದ್ದಾರೋ ಅದನ್ನೇ ಗೊತ್ತಿಲ್ಲದೆ ಮೆತ್ತಿಕೊಂಡ ಹಾಗಾಗುತ್ತೆ. ಏನೇನು ಹಾಕಿದೆ ಅಂತ ಪೂರ್ತಿ ಬರೆದಿಲ್ಲದ್ದನ್ನು ಮುಟ್ಟಬೇಡಿ. ಬರೆದಿದ್ದರೂ ಮೊದಲು ಮುಂಗೈ ಒಳಭಾಗದಲ್ಲಿ ಚೂರು ಹಚ್ಚಿ ಎರಡು ದಿನ ನೋಡಿ. ಟೀ ಟ್ರೀ ಎಣ್ಣೆಯಂಥವು ಕೆಲವರಿಗೆ ಅಲರ್ಜಿ ಮಾಡುತ್ತವೆ. ಈಗಿನ ಸ್ಟೀರಾಯ್ಡ್ ಅನ್ನು ನೀವಾಗಿ ಒಮ್ಮೆಲೇ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ ಇಳಿಸಿಕೊಳ್ಳಿ.

ತಮ್ಮನಿಗೆ ಕೀಲು ನೋವೇನಾದರೂ ಇದೆಯಾ ಕೇಳಿದ್ದೀರಾ?

ಪ್ರಶ್ನೆ ಕೇಳಿದವರು: ಈಗ ಕೇಳಿದೆ. ಬೆಳಗ್ಗೆ ಎದ್ದಾಗ ಬೆರಳು ಮಡಿಸೋಕಾಗಲ್ಲ, ಸಡಿಲ ಆಗೋಕೆ ತುಂಬ ಹೊತ್ತು ಬೇಕಂತೆ. ಉಗುರಿನ ಮೇಲೆ ಸೂಜಿ ಚುಚ್ಚಿದ ಹಾಗೆ ಗುಳಿಗಳಿವೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಉತ್ತರ: ಇರಬಹುದು. ಸೋರಿಯಾಸಿಸ್ ಇದ್ದವರಲ್ಲಿ ಕೆಲವರಿಗೆ ಕೀಲುಗಳಿಗೂ ಬರುತ್ತೆ, ತಡ ಮಾಡಿದರೆ ಹಾಳಾದ ಕೀಲು ಮೊದಲಿನಂತಾಗಲ್ಲ. ಎಣ್ಣೆ ವಿಚಾರ ಆಮೇಲೆ ನೋಡೋಣ, ಈ ವಾರವೇ ಕೀಲುವಾತದ ತಜ್ಞರಿಗೆ ತೋರಿಸಿ.